ಕಾಫಿ ಮೂಟೆ ಎತ್ತುವಾಗ ಸೊಂಟ ಉಳುಕಿದೆ, ಮೂಡಿಗೆರೆ ತೋಟದ ಕೆಲಸಕ್ಕೆ ಮರಳುವುದು ಯಾವಾಗ?

ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿಯುವ ಪಟ್ಟಿ) ಉಳುಕು ಬಹುತೇಕ 2ರಿಂದ 6 ವಾರದಲ್ಲಿ ವಾಸಿಯಾಗುತ್ತದೆ. ಎರಡು ದಿನಕ್ಕಿಂತ ಹೆಚ್ಚು ಮಲಗಿರಬೇಡಿ, ಸ್ನಾಯು ಬಿಗಿದು ನೋವು ಇನ್ನೂ ಎಳೆಯುತ್ತದೆ. ಬಿಸಿನೀರಿನ ಚೀಲ ಒಮ್ಮೆಗೆ 15 ನಿಮಿಷ ಸಾಕು. ದಿನಕ್ಕೆ ಮೂರು ಸಲ ಸಮತಟ್ಟಾದ ಅಂಗಳದಲ್ಲಿ 10 ನಿಮಿಷ ನಡೆಯಿರಿ. ತೋಟದ ಇಳಿಜಾರು ಈಗ ಬೇಡ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುವ ಮದ್ದಂತೂ ಬೇಡವೇ ಬೇಡ.

ನೋವು ತುಸು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮಾಡಿ: ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆ ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು, 5 ಸೆಕೆಂಡಿನಂತೆ 10 ಸಲ. ಅದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ಸೊಂಟ ಮೇಲೆತ್ತುವುದು. ಹೆಚ್ಚಿನವರು ಎಡವುವುದು ಇಲ್ಲೇ: ನೋವು ಹೋಯಿತೆಂದು ವ್ಯಾಯಾಮ ಬಿಟ್ಟು, ನೇರ 50 ಕೆಜಿ ಮೂಟೆಗೆ ಕೈಹಾಕುತ್ತಾರೆ. 10 ಕೆಜಿಯಿಂದ ಶುರುಮಾಡಿ.

ಕಾಲು ಸೋತರೆ, ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.