ಕೆಟ್ಟ ಸುದ್ದಿ ಹೇಳುವುದನ್ನು ಆಸ್ಪತ್ರೆ ಸಿಬ್ಬಂದಿಗೆ ಕಲಿಸಲು ಆಗುತ್ತದೆಯೇ?

‘ಅನುಕಂಪ ಹುಟ್ಟಿನಿಂದ ಬರಬೇಕು, ತರಬೇತಿ ಕೊಟ್ಟರೆ ಬರುತ್ತದೆಯೇ?’ ಎಂದು ಕೇಳಿದ್ದೀರಿ. ನರ್ಸ್‌ಗಳಿಗೆ, ಕಿರಿಯ ವೈದ್ಯರಿಗೆ ಇದನ್ನೇ ಕಲಿಸುವ ಕೆಲಸ ನನ್ನದು. ಅನುಕಂಪ ಕಲಿಸುವ ಉಸಾಬರಿಗೆ ನಾನು ಹೋಗುವುದಿಲ್ಲ. ಒಳಗೆ ಮರುಕವಿದ್ದೂ ಬಾಯಿ ತೆರೆದ ಕೂಡಲೇ ಎಡವುವವರೇ ಹೆಚ್ಚು. ಅದನ್ನು ತಿದ್ದಬಹುದು.

ಬೈಲ್, ಬಕ್‌ಮನ್ ಮುಂತಾದ ವೈದ್ಯರು 2000ದಲ್ಲಿ ಪ್ರಕಟಿಸಿದ ‘ಸ್ಪೈಕ್ಸ್’ ಎಂಬ 6 ಹಂತಗಳ ಕ್ರಮವನ್ನು ಬಹಳ ಕಡೆ ಕಲಿಸುತ್ತಾರೆ. ಆರೂ ಹಂತಗಳನ್ನು ಬಾಯಿಪಾಠ ಮಾಡಿದವರು ಸಿಗುತ್ತಾರೆ. ಎರಡನೆಯದನ್ನು ನಿಜವಾಗಿ ಪಾಲಿಸುವವರು ಕಡಿಮೆ. ಹೇಳುವ ಮೊದಲು ಕೇಳಬೇಕು: ‘ಕಾಯಿಲೆ ಬಗ್ಗೆ ಇಲ್ಲಿಯವರೆಗೆ ನಿಮಗೆ ಏನು ಹೇಳಿದ್ದಾರೆ?’ ಆ ಉತ್ತರ ಕೇಳಿದ ಮೇಲೆಯೇ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುವುದು. ಆಮೇಲೆ ‘ರಿಪೋರ್ಟ್ ನಾವು ಅಂದುಕೊಂಡ ಹಾಗೆ ಬಂದಿಲ್ಲ’ ಎಂದು ಒಂದು ಮುನ್ಸೂಚನೆ. ನಂತರ ಸುದ್ದಿ, ನೇರ ಮಾತಿನಲ್ಲಿ. ‘ನಮ್ಮ ಕೈಲಾದದ್ದೆಲ್ಲ ಮಾಡಿದೆವು’ ಎಂದಷ್ಟೇ ಹೇಳಿದರೆ ಮನೆಯವರು ‘ಹಾಗಾದರೆ ಈಗ ಹೇಗಿದ್ದಾರೆ?’ ಎಂದು ಕೇಳುತ್ತಾರೆ. ‘ತೀರಿಕೊಂಡರು’ ಎನ್ನಲೇಬೇಕು. ಹೇಳಿ ಸುಮ್ಮನಿರಬೇಕು.

ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಪಾಠ. ಎದುರಿನವರು ಅತ್ತರೆ ನಮಗೆ ತಡೆಯಲಾಗದೆ ‘ಧೈರ್ಯ ತಂದ್ಕೊಳ್ಳಿ’, ‘ವಯಸ್ಸೂ ಆಗಿತ್ತಲ್ಲ’ ಎಂದುಬಿಡುತ್ತೇವೆ. ಅದು ಅವರ ಸಮಾಧಾನಕ್ಕಲ್ಲ, ನಮ್ಮದಕ್ಕೆ. ‘ಡಾಕ್ಟ್ರೇ, ಅಪ್ಪ ಉಳೀತಾರಾ?’ ಎಂದು ಮಗಳು ಕೇಳಿದಾಗ ಸುಳ್ಳು ಭರವಸೆಯೂ ಬೇಡ, ಶೇಕಡಾ ಲೆಕ್ಕವೂ ಬೇಡ. ‘ಉಳೀಲಿ ಅಂತ ನನಗೂ ಆಸೆ ಇದೆ ಅಮ್ಮ. ಆದರೆ ಈ ಸಲ ಉಳಿಯದೇ ಹೋಗಬಹುದು ಅನ್ನೋ ಭಯವೂ ಇದೆ.’ ಇಷ್ಟು ಸಾಕು.

ಇದೆಲ್ಲ ಸ್ಲೈಡ್ ತೋರಿಸಿದರೆ ಬರುವುದಿಲ್ಲ. ರೋಗಿಯ ಪಾತ್ರಕ್ಕೆ ನಟರನ್ನು ಕೂರಿಸಿ, ಸಣ್ಣ ಗುಂಪಿನಲ್ಲಿ ಮಾತಾಡಿಸಿ, ತಪ್ಪಿದ ಜಾಗದಲ್ಲಿ ನಿಲ್ಲಿಸಿ, ಅದೇ ವಾಕ್ಯವನ್ನು ಮತ್ತೆ ಹೇಳಿಸಬೇಕು. (ನಾಟಕ ಎಂದು ಮೊದಲು ನಗುವ ಹಿರಿಯರೇ ಆಮೇಲೆ ಹೆಚ್ಚು ಬೆವರುತ್ತಾರೆ.)

ಫಲ ಇದೆಯೇ? ಬ್ರಿಟನ್ನಿನ 160 ಕ್ಯಾನ್ಸರ್ ವೈದ್ಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 3 ದಿನಗಳ ಕೋರ್ಸ್ ಮಾಡಿದವರು ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿ ಮುಗಿಸಲಾಗದ ಮುಕ್ತ ಪ್ರಶ್ನೆಗಳನ್ನು ಹೆಚ್ಚು ಕೇಳಿದರು, ಅನುಕಂಪದ ಮಾತೂ ಹೆಚ್ಚಾಡಿದರು. ಆದರೆ 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದವರ ಮಾತು ಸುಧಾರಿಸಿದೆ ಎಂದು ರೋಗಿಗಳಿಗೆ ಅನ್ನಿಸಲಿಲ್ಲ. ಆ ರೋಗಿಗಳಲ್ಲಿ ಖಿನ್ನತೆಯ ಲಕ್ಷಣ ತುಸು ಏರಿತ್ತು. ಹಾಗಾಗಿ ಕೋರ್ಸ್ ಮುಗಿದ ದಿನ ‘ಆತ್ಮವಿಶ್ವಾಸ ಬಂತು’ ಎಂದು ಬರೆದುಕೊಡುವ ಫಾರ್ಮ್‌ಗಳನ್ನು ನಾನು ನಂಬುವುದಿಲ್ಲ. ಕೆಲವು ತಿಂಗಳ ಬಳಿಕ ರೋಗಿಗಳನ್ನೇ ಕೇಳಬೇಕು.

ನಿಮ್ಮಲ್ಲಿ ತರಬೇತಿ ಏರ್ಪಡಿಸುವುದಾದರೆ, ವಾರ್ಡಿನಲ್ಲಿ ಬಾಗಿಲು ಮುಚ್ಚಿ ಕುಳಿತು ಮಾತಾಡಲು ಒಂದು ಕೋಣೆ ಇದೆಯೇ ಎಂದು ಮೊದಲು ನೋಡಿ. ಕಾರಿಡಾರಿನಲ್ಲಿ ನಿಂತು ಸಾವಿನ ಸುದ್ದಿ ಹೇಳಬೇಕಾದವರಿಗೆ ಎಷ್ಟು ಕಲಿಸಿದರೂ ಅಷ್ಟೇ.