ವಿ-ಕ್ರಾಸ್ ಪಿಕಪ್‌ಗೆ 3 ಇಂಚಿನ ಲಿಫ್ಟ್ ಕಿಟ್ ಹಾಕಿಸಬಹುದಾ?

ನೀವು ಕೇಳಿರುವುದು ಇಷ್ಟು. ಸಕಲೇಶಪುರದ ಹತ್ತಿರ ಕಾಫಿ ತೋಟ ಇದೆ. ಗಾಡಿ ಹಳೆಯ 2.5 ಲೀಟರ್ ಇಸುಝು ವಿ-ಕ್ರಾಸ್, ಟಯರ್ 255/65 ಆರ್17. ಖಾಲಿ ಇದ್ದಾಗ ಹಿಂಭಾಗ ಎಗರುತ್ತದೆ, ಮೂಟೆ ಹಾಕಿದರೆ ಕೂತುಬಿಡುತ್ತದೆ. ತೋಟದ ದಾರಿಯಲ್ಲಿ ಅಡಿಭಾಗ ಕಲ್ಲಿಗೆ ತಾಗುತ್ತದೆ. ಮುಂದಕ್ಕೆ ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ), ಹಿಂದಕ್ಕೆ ಕ್ಯಾನೊಪಿ (ತೊಟ್ಟಿಯ ಮೇಲೆ ಕೂರಿಸುವ ಮುಚ್ಚಿದ ಗೂಡು) ಹಾಕಿಸುವ ಆಸೆಯೂ ಇದೆ. ಅಂಗಡಿಯವರು 3 ಇಂಚಿನ ಲಿಫ್ಟ್ ಕಿಟ್ (ಗಾಡಿಯನ್ನು ಅಷ್ಟು ಎತ್ತರಿಸುವ ಬಿಡಿಭಾಗಗಳ ಸೆಟ್) ಹಾಕಿಸಿ, ಎಲ್ಲಾ ಸರಿಹೋಗುತ್ತೆ ಅಂದಿದ್ದಾರೆ.

3 ಇಂಚು ಬೇಡ. ಸಸ್ಪೆನ್ಶನ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ಸ್ (ಶಾಕ್ ಅಬ್ಸಾರ್ಬರ್), ಬದಲಾಯಿಸಬೇಡಿ ಅಂತಲ್ಲ, ಖಂಡಿತ ಬದಲಾಯಿಸಿ. ಆದರೆ ಎತ್ತರ ನೋಡಿ ತೆಗೆದುಕೊಳ್ಳಬೇಡಿ, ತೂಕ ನೋಡಿ ತೆಗೆದುಕೊಳ್ಳಿ. ನಾನೂ ಮೂಡಿಗೆರೆ ಕಡೆ ಇದೇ ಗಾಡಿ ಓಡಿಸುವವನು. ನಮ್ಮ ಕಡೆ ಪಿಕಪ್ ಇರುವವರಲ್ಲಿ ಹೆಚ್ಚಿನವರು "ಎಷ್ಟು ಇಂಚು?" ಅಂತಲೇ ಮಾತು ಶುರು ಮಾಡುತ್ತಾರೆ. ಮೊದಲು ಕೇಳಬೇಕಾದ್ದು "ಎಷ್ಟು ಕೆಜಿ?" ಅಂತ.

ಒಂದು ಕೆಲಸ ಮಾಡಿ. ಟ್ಯಾಂಕ್ ಫುಲ್ ಮಾಡಿಸಿ, ದಿನಾ ಗಾಡಿಯಲ್ಲೇ ಇರುವ ಸಾಮಾನೆಲ್ಲ ಹಾಗೇ ಇಟ್ಟುಕೊಂಡು ಒಂದು ವೇಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಎರಡು ಚಕ್ರ ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ. ಆಮೇಲೆ ಪೂರ್ತಿ ಗಾಡಿ. ಆಮೇಲೆ ಮುಂದಕ್ಕೆ ಎಳೆದು ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ಸಿಗುತ್ತದೆ. ಸುಗ್ಗಿಯಲ್ಲಿ ಮೂಟೆ ಹೇರಿದಾಗ ಇದನ್ನೇ ಇನ್ನೊಂದು ಸಲ ಮಾಡಿ. ಈ ಚೀಟಿಗಳನ್ನು ಅಂಗಡಿಯವರ ಮುಂದೆ ಇಟ್ಟು, ಇದಕ್ಕೆ ಯಾವ ಸ್ಪ್ರಿಂಗ್ ಅಂತ ಕೇಳಿ. ತೂಕ ನೋಡಿ ಸ್ಪ್ರಿಂಗ್ ಹೇಳುವವರ ಹತ್ತಿರ ಕೆಲಸ ಕೊಡಿ. ಚೀಟಿ ಪಕ್ಕಕ್ಕಿಟ್ಟು ಮತ್ತೆ ಇಂಚಿನ ಲೆಕ್ಕಕ್ಕೇ ಬಂದರೆ ಬೇರೆ ಅಂಗಡಿ ನೋಡಿ.

ಯಾಕೆ ಅಂದರೆ, ಸ್ಪ್ರಿಂಗ್ ಮಾಡುವ ಕೆಲಸವೇ ತೂಕ ಹೊರುವುದು. ನಿಮ್ಮ ಗಾಡಿಗೆ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟುಗಳು. ಕಂಪನಿಯವರು ಅದನ್ನು ಖಾಲಿ ಓಡಾಟಕ್ಕೂ ಭಾರಕ್ಕೂ ನಡುವೆ ಎಲ್ಲೋ ಹೊಂದಿಸಿರುತ್ತಾರೆ. ಅದಕ್ಕೇ ಖಾಲಿ ಇದ್ದಾಗ ಒಂದಿಷ್ಟು ಎಗರುವುದು. ಈಗ ಇನ್ನೂ ಗಟ್ಟಿ ಪ್ಲೇಟ್ ಸೆಟ್ ಹಾಕಿಸಿದಿರಿ ಅನ್ನಿ. ಮೂಟೆ ಹೇರಿದಾಗ ಕೂರುವುದಿಲ್ಲ, ನಿಜ. ಆದರೆ ಉಳಿದ ದಿನಗಳಲ್ಲಿ ಖಾಲಿ ಗಾಡಿಯ ತೂಕಕ್ಕೆ ಆ ಪ್ಲೇಟು ಬಾಗುವುದೇ ಇಲ್ಲ. ಜಲ್ಲಿ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಮಳೆಗಾಲದಲ್ಲಿ ಬಿಸಿಲೆ ಘಾಟಿಯ ತಿರುವಿನಲ್ಲಿ ಹಿಂದಿನ ಚಕ್ರ ಹೀಗೆ ಹಿಡಿತ ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ನಿಮ್ಮ ಭಾರ ವರ್ಷಪೂರ್ತಿ ಇರುವ ಭಾರ ಅಲ್ಲ ಅಲ್ವಾ? ಕಾಫಿ ಮೂಟೆ 50 ಕೆಜಿ, ಯೂರಿಯಾ ಮೂಟೆ 45 ಕೆಜಿ. ಹತ್ತು ಮೂಟೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಕಾರ್ಖಾನೆಗೆ) ಹೊರಟರೆ ಅರ್ಧ ಟನ್. ಅದೂ ಸುಗ್ಗಿಯ ಕೆಲವು ತಿಂಗಳು ಮಾತ್ರ. ಹಾಗಾಗಿ ಹಿಂದಕ್ಕೆ ಮಧ್ಯಮ ದರ್ಜೆಯ ಪ್ಲೇಟ್ ಸೆಟ್ ಸಾಕು. ಒಳ್ಳೆಯ ಬ್ರಾಂಡ್‌ಗಳು ಒಂದೇ ಗಾಡಿಗೆ ಖಾಲಿ, ಮಧ್ಯಮ, ಭಾರ ಅಂತ ಬೇರೆ ಬೇರೆ ಸೆಟ್ ಕೊಡುತ್ತವೆ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು ಹೀಗೇ ಕೊಡುತ್ತದೆ. ಹಾಗೆ ಆಯ್ಕೆ ಇಲ್ಲದ, ಎಲ್ಲರಿಗೂ ಒಂದೇ ಅನ್ನುವ ಕಿಟ್ ತೆಗೆದುಕೊಳ್ಳಬೇಡಿ.

ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದು ನೋಡಿ. ಅದರಲ್ಲಿ ಕೂರುವ ಜನರ ತೂಕವೂ ಬಂತು. ಉಳಿದದ್ದು ನೋಡಿದರೆ ಅರ್ಧ ಟನ್ ಒಂದೇ ಸಲಕ್ಕೆ ಹೇರುವುದು ಸರಿಯಾ ಅಂತ ನಿಮಗೇ ಗೊತ್ತಾಗುತ್ತದೆ. ಪ್ಲೇಟು ಗಟ್ಟಿ ಮಾಡಿಸಿದ ಮಾತ್ರಕ್ಕೆ ಆ ಮಿತಿ ಏರುವುದಿಲ್ಲ. ಬ್ರೇಕು, ಆಕ್ಸಲ್, ಛಾಸಿ ಎಲ್ಲಾ ಹಳೆಯದೇ ತಾನೆ. ಎರಡು ಟ್ರಿಪ್ ಹೊಡೆಯಿರಿ.

ಹಿಂದಕ್ಕೆ ಏರ್ ಬ್ಯಾಗ್ (ಅಪಘಾತದಲ್ಲಿ ಬಿಚ್ಚುವುದಲ್ಲ, ಸ್ಪ್ರಿಂಗ್‌ಗೆ ನೆರವಾಗುವ ಗಾಳಿ ಚೀಲ) ಹಾಕಿಸಿ, ಭಾರ ಇದ್ದಾಗ ಗಾಳಿ ತುಂಬಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಲೀಫ್ ಸ್ಪ್ರಿಂಗ್ ತನ್ನ ಎರಡು ತುದಿಗಳಲ್ಲಿ ಛಾಸಿಗೆ ಭಾರ ಹಂಚುತ್ತದೆ. ಏರ್ ಬ್ಯಾಗ್ ಆಕ್ಸಲ್ ಮೇಲೆ ಒಂದೇ ಜಾಗದಲ್ಲಿ ಒತ್ತುತ್ತದೆ. ಆಸ್ಟ್ರೇಲಿಯಾದಲ್ಲಿ ಡಬಲ್ ಕ್ಯಾಬ್ ಪಿಕಪ್‌ಗಳಿಗೆ ಏರ್ ಬ್ಯಾಗ್ ಹಾಕಿ, ಮಿತಿಮೀರಿ ಹೇರಿ, ಕ್ಯಾಬಿನ್ ಹಿಂದೆ ಛಾಸಿಯೇ ಬಾಗಿದ ಉದಾಹರಣೆ ಬೇಕಾದಷ್ಟಿವೆ.

ಈಗ ಮುಂಭಾಗ. 3 ಇಂಚು ಬೇಡ ಅಂದದ್ದು ಮುಖ್ಯವಾಗಿ ಇದಕ್ಕೇ. ಮುಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು (ಆರ್ಮ್) ಹಿಡಿದಿರುತ್ತದೆ, ಜೊತೆಗೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್. ಚಕ್ರ ಮೇಲಿಂದ ಕೆಳಗೆ ಎಷ್ಟು ಓಡಾಡಬಹುದು ಅನ್ನುವುದು ಆರ್ಮ್ ಮತ್ತು ಶಾಕ್ಸ್ ಉದ್ದದ ಮೇಲೆ ನಿಂತಿದೆ, ಅದು ಹೆಚ್ಚುಕಡಿಮೆ ಗೊತ್ತಾದ ಅಳತೆ. ಸ್ಪ್ರಿಂಗ್ ಗಟ್ಟಿ ಮಾಡಿ ಗಾಡಿ ಎತ್ತಿದರೆ, ಎತ್ತಿದಷ್ಟು ಕೆಳಗಿನ ಓಟ ಕಡಿಮೆಯಾಯಿತು. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಬೇಕು. ಅದಕ್ಕೆ ಇಳಿಯಲು ಜಾಗವೇ ಇರುವುದಿಲ್ಲ. ಶಾಕ್ಸ್ ತುದಿ ಮುಟ್ಟಿ ಟಕ್ ಅಂತ ಶಬ್ದ ಬರುತ್ತದೆ. ಎತ್ತಿಸಿದ ಗಾಡಿಯಲ್ಲಿ ಹಂಪ್ ಇಳಿಯುವಾಗ ಮುಂದಿನಿಂದ ಆ ಟಕ್ ಶಬ್ದ ನೀವೂ ಕೇಳಿರಬಹುದು.

ಸ್ಪ್ರಿಂಗ್ ಬದಲಿಸದೆ ಮೇಲೆ ಒಂದು ಸ್ಪೇಸರ್ ಇಟ್ಟು ಎತ್ತುವವರೂ ಇದ್ದಾರೆ. ಕಡಿಮೆ ದುಡ್ಡಿಗೆ ಆಗುತ್ತದೆ, ಅದಕ್ಕೇ ಅಂಗಡಿಗಳಲ್ಲಿ ಅದರದ್ದೇ ಮಾತು. ಆದರೆ ಅದರಿಂದ ಚಕ್ರ ಮೊದಲಿಗಿಂತ ಕೆಳಗೆ ಜೋತುಬೀಳುತ್ತದೆ. ಆಕ್ಸಲ್ ಶಾಫ್ಟಿನ ಸಿವಿ ಜಾಯಿಂಟ್ (ಚಕ್ರಕ್ಕೆ ಇಂಜಿನ್ ಶಕ್ತಿ ಸಾಗಿಸುವ ಕೀಲು) ಮತ್ತು ಮೇಲಿನ ಬಾಲ್ ಜಾಯಿಂಟ್ (ಆರ್ಮ್ ತುದಿಯ ಕೀಲು) ತಮಗೆ ಗೊತ್ತುಮಾಡಿದ ಕೋನ ಮೀರಿ ತಿರುಗಬೇಕಾಗುತ್ತದೆ. ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿಯಿತು ಅಂದರೆ ಮಣ್ಣು ನೀರು ಒಳಗೆ ಹೋಗುತ್ತದೆ. ಮಲೆನಾಡಿನ ಒಂದು ಮಳೆಗಾಲ ಸಾಕು ಅದು ಹಾಳಾಗಲು.

ಮುಂದೆ 40 ಮಿಮೀ ಎತ್ತಿಸಿ, ಹೆಚ್ಚೆಂದರೆ 50, ಅಂದರೆ ಸುಮಾರು 2 ಇಂಚು. ಅಷ್ಟರೊಳಗೆ ಇದ್ದರೆ ಕಂಪನಿಯ ಅಪ್ಪರ್ ಆರ್ಮ್ (ಮೇಲಿನ ಆರ್ಮ್) ಇಟ್ಟುಕೊಂಡೇ ಅಲೈನ್‌ಮೆಂಟ್ (ಚಕ್ರಗಳ ಕೋನ) ಸರಿಮಾಡಿಸಬಹುದು. ಅದಕ್ಕಿಂತ ಮೇಲೆ ಹೋದರೆ ಆರ್ಮ್ ಬೇರೆ ಬೇಕು, ಡಿಫರೆನ್ಶಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿಳಿಸುವ ಬ್ರಾಕೆಟ್ ಬೇರೆ ಬೇಕು, ಬ್ರೇಕ್ ಹೋಸ್ ಉದ್ದ ಸಾಲುತ್ತಾ ನೋಡಬೇಕು. ಜೊತೆಗೆ ಶಿರಾಡಿ ಘಾಟಿಯಲ್ಲಿ ಲಾರಿಗಳ ನಡುವೆ ಇಳಿಯುವಾಗ ಗಾಡಿ ತಿರುವಿನಲ್ಲಿ ವಾಲುವುದೂ ಜಾಸ್ತಿ.

ಇನ್ನೊಂದು ಮಾತು ಅಂಗಡಿಯವರು ಹೇಳಿಲ್ಲ ಅನ್ನಿಸುತ್ತದೆ. ಕಲ್ಲು ತಾಗುತ್ತೆ ಅಂದಿರಲ್ಲ, ತಾಗುತ್ತಿರುವುದು ಏನು? ಬಗ್ಗಿ ನೋಡಿ. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಶಿಯಲ್ ಗುಂಡಿನ ಮೇಲೆ ಗೀರು ಇದ್ದರೆ ಲಿಫ್ಟ್ ಕಿಟ್‌ನಿಂದ ಒಂದು ಮಿಲಿಮೀಟರೂ ಪ್ರಯೋಜನವಿಲ್ಲ. ಲಿಫ್ಟ್ ಎತ್ತುವುದು ಛಾಸಿಯನ್ನು. ಆಕ್ಸಲ್ ಚಕ್ರದ ಜೊತೆಗೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟಯರ್ ಮಾತ್ರ. 255/65 ತೆಗೆದು 265/70 ಹಾಕಿದರೆ ಆಕ್ಸಲ್ ಸುಮಾರು 20 ಮಿಮೀ ಮೇಲಕ್ಕೆ ಬರುತ್ತದೆ. ಹಾಕಿಸುವ ಮೊದಲು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಎಲ್ಲಾದರೂ ಉಜ್ಜುತ್ತಾ ಅಂತ ನೋಡಿಕೊಳ್ಳಿ. ತೋಟದ ದಾರಿಯಲ್ಲಿ ನಡುವಿನ ದಿಬ್ಬ ತಾಗುವುದೂ ಸಾಮಾನ್ಯವಾಗಿ ಈ ಡಿಫರೆನ್ಶಿಯಲ್‌ಗೇ. ಅದಕ್ಕೆ ಒಂದು ದಿನ ಆಳು ಹಚ್ಚಿ ಆ ದಿಬ್ಬ ಕಡಿಸುವುದೂ ಒಳ್ಳೆಯ ದಾರಿಯೇ.

ಗೀರು ಇರುವುದು ಛಾಸಿ, ಸೈಡ್ ಸ್ಟೆಪ್ ಅಥವಾ ಮುಂದಿನ ಬಂಪರ್ ಕೆಳಗಾದರೆ ಮಾತ್ರ 40 ಮಿಮೀ ಲಿಫ್ಟ್ ಕೆಲಸಕ್ಕೆ ಬರುತ್ತದೆ.

ಶಾಕ್ಸ್ ವಿಚಾರಕ್ಕೆ ಬರೋಣ. ದುಡ್ಡು ಒಂದಕ್ಕೇ ಸಾಲುವುದು ಅಂದರೆ ನಾನು ಮೊದಲು ಹಾಕಿಸುವುದು ಇದನ್ನೇ. ಹಳೆಯ ಗಾಡಿ, ಶಾಕ್ಸ್ ಇನ್ನೂ ಮೊದಲಿನವೇ ಆಗಿದ್ದರೆ ಖಾಲಿ ಗಾಡಿ ಎಗರುವುದರಲ್ಲಿ ಅವುಗಳ ಪಾಲು ದೊಡ್ಡದು. ಸ್ಪ್ರಿಂಗ್ ಒಮ್ಮೆ ಅದುಮಿ ಬಿಟ್ಟರೆ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಅದನ್ನು ನಿಲ್ಲಿಸುವುದು ಶಾಕ್ಸ್ ಒಳಗಿನ ಆಯಿಲ್. ಗಟ್ಟಿ ಸ್ಪ್ರಿಂಗ್ ಹಾಕಿ ಹಳೆಯ ಶಾಕ್ಸ್ ಬಿಟ್ಟರೆ ಕುಣಿತ ಇನ್ನೂ ಜಾಸ್ತಿಯಾಗುತ್ತದೆ. ಸ್ಪ್ರಿಂಗ್ ಬದಲಿಸುವುದಾದರೆ ಆ ಸ್ಪ್ರಿಂಗ್‌ಗೆ ಹೊಂದುವ ಶಾಕ್ಸ್ ಜೊತೆಗೇ ಬರಬೇಕು, ಒಂದೇ ಕಂಪನಿಯದ್ದಾದರೆ ಒಳ್ಳೆಯದು.

ಟ್ವಿನ್ ಟ್ಯೂಬ್ ಸಾಕು. ಮಾನೋಟ್ಯೂಬ್ ಬಿಸಿಯನ್ನು ಬೇಗ ಹೊರಹಾಕುತ್ತದೆ, ಒಳ್ಳೆಯದೇ. ಆದರೆ ಅದರ ಪಿಸ್ಟನ್ ಹೊರಗಿನ ಕೊಳವೆಗೇ ತಾಗಿಕೊಂಡು ಓಡುತ್ತದೆ. ಕಲ್ಲು ಹಾರಿ ಕೊಳವೆ ನೆಗ್ಗಿದರೆ ಕಥೆ ಮುಗಿಯಿತು. ಟ್ವಿನ್ ಟ್ಯೂಬ್‌ನಲ್ಲಿ ಒಳಗೆ ಇನ್ನೊಂದು ಕೊಳವೆ ಇರುವುದರಿಂದ ಸಣ್ಣಪುಟ್ಟ ನೆಗ್ಗು ತಡೆದುಕೊಳ್ಳುತ್ತದೆ. ಪಕ್ಕದಲ್ಲಿ ಡಬ್ಬಿ ಇರುವ ದುಬಾರಿ ಶಾಕ್ಸ್ ನೋಡಲು ಚೆಂದ. ಅವು ನೂರಾರು ಕಿಲೋಮೀಟರ್ ಅಲೆಅಲೆಯಾದ ಮಣ್ಣು ರಸ್ತೆಯಲ್ಲಿ ವೇಗವಾಗಿ ಓಡಿಸುವವರಿಗೆ. ಅಲ್ಲಿ ಆಯಿಲ್ ಕಾಯ್ದು ಶಾಕ್ಸ್ ಶಕ್ತಿ ಕಳೆದುಕೊಳ್ಳುತ್ತದೆ. ಸಕಲೇಶಪುರದ ತೋಟದಲ್ಲಿ ಎರಡನೇ ಗೇರ್‌ನಲ್ಲಿ ಹೋಗುವ ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಬಂಪರ್ ಬಗ್ಗೆ. ಸ್ಟೀಲ್ ಬಂಪರ್ ಮತ್ತು ವಿಂಚ್ ಸೇರಿದರೆ 80, 100 ಕೆಜಿ ಸುಲಭವಾಗಿ ಆಗುತ್ತದೆ. ಅದು ಮುಂದಿನ ಆಕ್ಸಲ್‌ಗಿಂತ ಮುಂದಕ್ಕೆ ಜೋತಿರುವುದರಿಂದ ಆಕ್ಸಲ್ ಮೇಲೆ ಬೀಳುವ ಭಾರ ಅದರ ಸ್ವಂತ ತೂಕಕ್ಕಿಂತಲೂ ಜಾಸ್ತಿ. ಅಂದರೆ ಮುಂದಿನ ಸ್ಪ್ರಿಂಗ್ ಲೆಕ್ಕವೇ ಬದಲಾಗುತ್ತದೆ. ಮೇಲಾಗಿ, ಇಂಥ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಹೇಳಿತು. ಆದ್ದರಿಂದ ಸಸ್ಪೆನ್ಶನ್ ಕೆಲಸಕ್ಕೂ ಮೊದಲು ಇನ್ಶೂರೆನ್ಸ್‌ನವರ ಹತ್ತಿರ, ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಬಂಪರ್ ಮಾತ್ರ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಆಗ ಮುಂದಕ್ಕೆ ಕಂಪನಿ ಸ್ಪ್ರಿಂಗ್‌ಗಿಂತ ಸ್ವಲ್ಪ ಗಟ್ಟಿ ಇದ್ದರೆ ಸಾಕು.

ದುಡ್ಡು ಖರ್ಚು ಮಾಡುವ ಮೊದಲು ಟಯರ್ ಗಾಳಿ ನೋಡಿ. ಎಷ್ಟೋ ಪಿಕಪ್‌ಗಳು ಲಾರಿಗೆ ತುಂಬಿದ ಹಾಗೆ ಗಾಳಿ ತುಂಬಿಸಿಕೊಂಡು ಖಾಲಿ ಓಡಾಡುತ್ತವೆ, ಆಮೇಲೆ ಎಗರುತ್ತೆ ಅಂತ ದೂರು. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುವಷ್ಟೇ ಇರಲಿ. ತೋಟದೊಳಗೆ ನಿಧಾನಕ್ಕೆ ಹೋಗುವಾಗ 22 ಪಿಎಸ್‌ಐಗೆ ಇಳಿಸಿ ನೋಡಿ, ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಿಸಿ. ಒಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲಿಟ್ಟುಕೊಂಡರೆ ಆಯಿತು. ಲೀಫ್ ಪ್ಲೇಟುಗಳ ನಡುವೆ ಕೆಸರು ಒಣಗಿ ತುಕ್ಕು ಹಿಡಿದಿದ್ದರೂ ಸಸ್ಪೆನ್ಶನ್ ಬಿಗಿಯಾಗುತ್ತದೆ. ಚೆನ್ನಾಗಿ ತೊಳೆಸಿ. ಕೀರಲು ಶಬ್ದಕ್ಕೆ ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ರೂಢಿ, ಅದು ಬೇಡ. ಆಯಿಲ್ ತಾಗಿ ಕೀಲುಗಳೊಳಗಿನ ರಬ್ಬರ್ ಬಳೆ, ಅಂದರೆ ಬುಷ್, ಉಬ್ಬಿ ಮೆತ್ತಗಾಗುತ್ತದೆ.

ಕೊನೆಗೆ ಫಿಟ್ಟಿಂಗ್. ಒಳ್ಳೆಯ ಕಿಟ್ ಹಾಳಾಗುವುದು ಇಲ್ಲೇ, ಹಾಗಾಗಿ ಆ ದಿನ ನೀವು ಅಲ್ಲೇ ನಿಂತಿರಿ. ಕೆಲಸಕ್ಕೆ ಮೊದಲು ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ. ಲೀಫ್ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಹಾಕಿಸಿ, ಒಮ್ಮೆ ಬಿಗಿಮಾಡಿ ಎಳೆದ ಹಳೆಯದನ್ನು ಮತ್ತೆ ಬಳಸುವಂತಿಲ್ಲ. ಬುಷ್ ಇರುವ ಬೋಲ್ಟುಗಳನ್ನು, ಅಂದರೆ ಲೀಫ್ ಕಣ್ಣಿನ (ತುದಿಯ ಬಳೆಯ) ಬೋಲ್ಟು, ಲೀಫ್ ತುದಿಯನ್ನು ಛಾಸಿಗೆ ಜೋಡಿಸುವ ಶ್ಯಾಕಲ್ ಬೋಲ್ಟು, ಮುಂದಿನ ಆರ್ಮ್ ಬೋಲ್ಟುಗಳನ್ನು ಗಾಡಿ ಜ್ಯಾಕ್ ಮೇಲಿದ್ದಾಗ ಸುಮ್ನೆ ಕೂರಿಸಿ, ಚಕ್ರ ನೆಲಕ್ಕಿಳಿಸಿ ಗಾಡಿ ತನ್ನ ತೂಕದ ಮೇಲೆ ನಿಂತಾಗ ಪೂರ್ತಿ ಬಿಗಿಮಾಡಬೇಕು. ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿಮಾಡಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅವಸರದ ಮೆಕ್ಯಾನಿಕ್‌ಗಳು ಮೊದಲು ಬಿಡುವ ಕೆಲಸ ಇದೇ.

ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ. ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ ಸರಿಮಾಡಿ ಕಳಿಸುವವರಿದ್ದಾರೆ, ಕ್ಯಾಂಬರ್ (ಚಕ್ರದ ಮೇಲ್ಭಾಗ ಪಕ್ಕಕ್ಕೆ ವಾಲಿರುವುದು), ಕ್ಯಾಸ್ಟರ್ (ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವುದು) ಎರಡೂ ನೋಡಿಸಿ. ಗಾಡಿ ಎತ್ತಿದಾಗ ಕ್ಯಾಸ್ಟರ್ ಕಡಿಮೆಯಾಗುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೆಟ್ಟಗೆ ಬರುವುದಿಲ್ಲ. ಹೆಡ್‌ಲೈಟ್ ಕೂಡ ಮೇಲೆ ನೋಡುತ್ತಿರುತ್ತದೆ, ಅದನ್ನೂ ಇಳಿಸಿ. 500 ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ಬಿಗಿಮಾಡಿಸಿ, ಟೇಪ್ ಹಿಡಿದು ನಾಲ್ಕೂ ಕಡೆ ಮತ್ತೆ ಅಳೆಯಿರಿ. ಹೊಸ ಪ್ಲೇಟು ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ. ಎಡಕ್ಕೂ ಬಲಕ್ಕೂ ದೊಡ್ಡ ವ್ಯತ್ಯಾಸ ಕಂಡರೆ ವಾರಂಟಿ ಇರುವಾಗಲೇ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋಗಿ. ವೇಬ್ರಿಡ್ಜ್ ತೂಕ ಕೈಗೆ ಸಿಕ್ಕ ಮೇಲೆ ಇಲ್ಲೇ ಬರೆಯಿರಿ, ಯಾವ ಸೆಟ್ ಹೊಂದುತ್ತೆ ಅಂತ ಲೆಕ್ಕ ಹಾಕೋಣ.