ಚಳಿಗೆ ಲಾರಿ ಹಿಡಿಯಲ್ಲ ಅಂತೀರಾ? ಮೊದಲು ಡೀಸೆಲ್ ಹೋಸಿನ ಕಡೆ ನೋಡಿ

ದೀಪಾವಳಿ ಕಳೆದು ಅಡಿಕೆ ಕೊಯ್ಲು ಜೋರಾಯಿತು ಅಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಊರಿನಿಂದ ಬರುತ್ತದೆ. "ಚಳಿಗೆ ಲಾರಿ ಸ್ಟಾರ್ಟ್ ಆಗಲ್ಲ, ಏನು ಹಾಕಬೇಕು?" ಏನೂ ಹಾಕಬೇಡಿ. ಸಿಕ್ಕಿದ್ದನ್ನೆಲ್ಲ ಹಾಕಿ, ಒಳ್ಳೆಯ ಎಂಜಿನ್ ಕೆಡಿಸಿಕೊಂಡು ಬಂದವರನ್ನು ನೋಡಿ ನನಗೆ ಸಾಕಾಗಿದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ. 1997ರ ಮಾಡೆಲ್ ಆರು ಚಕ್ರದ ಲಾರಿ. ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಡೀಸೆಲ್ ಪಂಪಿನ ಪಕ್ಕದ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ತುಂಬುವ ಪಂಪು) 25-30 ಸಲ ಒತ್ತಿದ ಮೇಲೆ ಹಿಡಿಯುತ್ತದೆ. ಮಧ್ಯಾಹ್ನ ಒಂದೇ ಸೆಲ್ಫಿಗೆ ಸ್ಟಾರ್ಟ್. ಬ್ಯಾಟರಿ ಹೊಸದು. ಮೆಕ್ಯಾನಿಕ್ ಪಂಪ್, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಎರಡೂ ಇಳಿಸಬೇಕು ಅನ್ನುತ್ತಾರೆ. ಇಳಿಸಲಾ?

ಉತ್ತರ: ಬೇಡ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಪ್ರೈಮರ್ ಒತ್ತಿದ ಮೇಲೆ ಹಿಡಿಯುತ್ತದೆ ಅಂದರೆ ಪಂಪ್, ನಾಝಲ್, ಕಂಪ್ರೆಷನ್ (ಎಂಜಿನ್ನೊಳಗೆ ಗಾಳಿ ಒತ್ತುವ ಬಲ) ಎಲ್ಲವೂ ಕೆಲಸ ಮಾಡುತ್ತಿವೆ. ಅವುಗಳ ಹತ್ತಿರ ಡೀಸೆಲ್ ಇರಲಿಲ್ಲ ಅಷ್ಟೇ. ರಾತ್ರಿ ಲೈನಿಗೆ ಗಾಳಿ ಸೇರಿ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದಿದೆ. ಹಗಲು ನೀವು ಒಂದು ಗಂಟೆ ನಿಲ್ಲಿಸುತ್ತೀರಿ, ಅಷ್ಟರಲ್ಲಿ ಪೂರ್ತಿ ಇಳಿಯುವುದಿಲ್ಲ. ಎಂಜಿನ್ ಬಿಸಿಯೂ ಇರುತ್ತದೆ, ಹಿಡಿಯುತ್ತದೆ.

ಚಳಿಯದೇ ತಪ್ಪು ಅನ್ನೋ ಅನುಮಾನ ಇದ್ದರೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಬಾಡಿಗೆ ಇಲ್ಲದ ದಿನ ಬೆಳಗ್ಗೆ ಲಾರಿ ಮುಟ್ಟಬೇಡಿ. ಬಿಸಿಲಿಗೆ ನಿಂತಿರಲಿ. ಮಧ್ಯಾಹ್ನ 1 ಗಂಟೆಗೆ ಮೊದಲ ಸೆಲ್ಫ್ ಹೊಡೆಯಿರಿ. ಆಗಲೂ ಅದೇ ಕಾಟ ಕೊಟ್ಟರೆ ಚಳಿಗೂ ಇದಕ್ಕೂ ಸಂಬಂಧವಿಲ್ಲ. ಜಾಸ್ತಿ ಹೊತ್ತು ನಿಂತಿದ್ದೇ ಕಾರಣ. ನಮ್ಮ ಕಡೆ ಜನವರಿ ಬೆಳಗಿನ 12-13 ಡಿಗ್ರಿ ಚಳಿ ಸರಿಯಾಗಿರುವ ಡೀಸೆಲ್ ಎಂಜಿನ್ನನ್ನು ನಿಲ್ಲಿಸುವಂಥದ್ದೇ ಅಲ್ಲ. ಲಾರಿಯಲ್ಲಿ ಮೊದಲೇ ಇದ್ದ ಹುಳುಕನ್ನು ಅದು ಹೊರಗೆ ಹಾಕುತ್ತದೆ. ರಬ್ಬರ್ ಪೈಪು ಚಳಿಗೆ ಸೆಟೆದು ಹಿಡಿತ ಬಿಡುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಸೆಲ್ಫ್ ನಿಧಾನ ತಿರುಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದುಹೋದದ್ದು ಈಗ ನಡೆಯುವುದಿಲ್ಲ.

ಇನ್ನು ಗಾಳಿ ಎಲ್ಲಿಂದ ಸೇರುತ್ತಿದೆ ಅನ್ನೋದು. "ಎಲ್ಲೂ ಡೀಸೆಲ್ ಸೋರುತ್ತಿಲ್ಲ ಸಾರ್" ಅಂತ ಎಲ್ಲರೂ ಹೇಳುತ್ತಾರೆ. ಸೋರಲೇಬೇಕು ಅಂತೇನಿಲ್ಲ. ದೊಡ್ಡ ಪಂಪಿಗೆ ಡೀಸೆಲ್ ಒದಗಿಸುವ ಚಿಕ್ಕ ಫೀಡ್ ಪಂಪು ಟ್ಯಾಂಕಿನಿಂದ ತನ್ನವರೆಗೆ ಡೀಸೆಲನ್ನು ಎಳೆದುಕೊಳ್ಳುತ್ತದೆ, ಆ ಭಾಗದಲ್ಲಿ ತಳ್ಳುವುದಿಲ್ಲ. ಅಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಹನಿಯೂ ಕಾಣದಿರಬಹುದು. ಅದಕ್ಕೇ ಹೊರಗಿನಿಂದ ಸೋಪು ಮೆತ್ತಿ, ಎಂ-ಸೀಲ್ ಹಚ್ಚಿ ಆಯ್ತು ಅನ್ನುವವರ ಮೇಲೆ ನನಗೆ ಸಿಟ್ಟು.

ಹೀಗೆ ಮಾಡಿ. 5 ಲೀಟರಿನ ಶುದ್ಧ ಕ್ಯಾನಿಗೆ ಡೀಸೆಲ್ ತುಂಬಿ ಫೀಡ್ ಪಂಪಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ. ಸೈಲೆನ್ಸರ್ ಪೈಪಿನಿಂದ ದೂರ ಇರಲಿ, ಇದರಲ್ಲಿ ಉದಾಸೀನ ಬೇಡ. ಟ್ಯಾಂಕಿನ ಪೈಪು ಬಿಚ್ಚಿ, ಕ್ಯಾನಿನಿಂದ ನೇರ ಫೀಡ್ ಪಂಪಿಗೆ ಪೈಪು ಕೊಡಿ. ಪ್ರೈಮರ್ ಒತ್ತಿ ಲೈನಿನ ಗಾಳಿ ತೆಗೆದು, ಸ್ಟಾರ್ಟ್ ಮಾಡಿ, ಐದು ನಿಮಿಷ ಓಡಿಸಿ ನಿಲ್ಲಿಸಿ. ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಒಂದೇ ಸೆಲ್ಫಿಗೆ ಹಿಡಿದರೆ ಹುಳುಕು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ. ಟ್ಯಾಂಕಿನೊಳಗೆ ಇಳಿದಿರುವ ಪೈಪು, ಅದರ ನಟ್ಟು, ರಬ್ಬರ್ ಹೋಸು, ಕ್ಲಿಪ್ಪು ನೋಡಿ. ಹಾಗಿದ್ದರೂ ಹಿಡಿಯದಿದ್ದರೆ ಫೀಡ್ ಪಂಪಿನ ವಾಲ್ವು, ಪ್ರೈಮರಿನ ವಾಷರ್, ಫಿಲ್ಟರ್ ಬೌಲಿನ ರಬ್ಬರ್, ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪು ಕೂರಿಸುವ ತೂತಿನ ಬೋಲ್ಟು) ತಾಮ್ರದ ವಾಷರ್, ಹೆಚ್ಚಾದ ಡೀಸೆಲ್ ವಾಪಸ್ ಬಿಡುವ ಓವರ್‌ಫ್ಲೋ ವಾಲ್ವು, ಈ ಕ್ರಮದಲ್ಲಿ ಹೋಗಿ. ತಾಮ್ರದ ವಾಷರ್ ಹೊಸದೇ ಹಾಕಿ. ಹಳೆಯದನ್ನು ಉಜ್ಜಿ ಹಾಕಿದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕತೆ. ಹೋಸು ಡೀಸೆಲಿನದ್ದೇ ಆಗಬೇಕು, ತೋಟದ ನೀರಿನ ಪೈಪಲ್ಲ. ತಂತಿ ಸುತ್ತಬೇಡಿ, ಕ್ಲಿಪ್ ಹಾಕಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಶಿವಮೊಗ್ಗದಲ್ಲಿ ಕೆಲಸ ಶುರು ಮಾಡಿದ ಹೊಸದರಲ್ಲಿ ಇದೇ ಥರದ ಲಾರಿಯ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ (ಡೀಸೆಲ್ ಅಳತೆ ಸರಿಹೊಂದಿಸಲು) ಕಳಿಸಿದ್ದೆ. ನಾಝಲ್ಲೂ ಬದಲಾಯಿಸಿದೆ. ಮಾಲೀಕರು ಸಾಲ ಮಾಡಿ ದುಡ್ಡು ಕೊಟ್ಟರು. ಮರುದಿನ ಬೆಳಗ್ಗೆ ಲಾರಿ ಹಿಡಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳಿದ ಒಂದು ಗೇಣು ಹೋಸು. ಅವತ್ತಿನಿಂದ ಹೋಸು ನೋಡದೆ ನಾನು ಪಂಪಿಗೆ ಸ್ಪ್ಯಾನರ್ ಹಾಕಿಲ್ಲ.

ಪ್ರೈಮರ್ ಒತ್ತಿದರೂ ಹಿಡಿಯದ ಲಾರಿಗಳ ವಿಷಯ ಬೇರೆ. ಅಂಥವರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಬಿಳಿ ಹೊಗೆಯ ಜೊತೆ ಸೆಲ್ಫ್ ಎಳೆದೆಳೆದು ತಿರುಗುತ್ತಿದ್ದರೆ ಎಂಜಿನ್ ಬಿಚ್ಚುವ ಮಾತೇ ಬೇಡ, ಕರೆಂಟಿನ ಕಡೆ ನೋಡಿ. ನಿಧಾನ ತಿರುಗಿದರೆ ಒಳಗಿನ ಗಾಳಿ ಡೀಸೆಲ್ ಹೊತ್ತಿಸುವಷ್ಟು ಬಿಸಿಯಾಗುವುದಿಲ್ಲ. 24 ವೋಲ್ಟಿನ ಲಾರಿಯಲ್ಲಿ ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೇಲೆ 19 ವೋಲ್ಟಿಗಿಂತ ಕೆಳಗೆ ಬಿದ್ದರೆ ಎರಡರಲ್ಲಿ ಒಂದು ಬ್ಯಾಟರಿ ಸೋತಿದೆ. ಬ್ಯಾಟರಿ ಹತ್ತಿರ ಸರಿ ಇದ್ದು ಸೆಲ್ಫ್ ಮೋಟರಿನ ಹತ್ತಿರ ಕಡಿಮೆ ತೋರಿಸಿದರೆ ಕೇಬಲ್ ಅಥವಾ ಅರ್ತ್. ಮಲೆನಾಡಿನಲ್ಲಿ ನಾನು ಮೊದಲು ಬಿಚ್ಚುವುದು ಚಾಸಿಗೆ ಕೂರುವ ಅರ್ತ್ ಬೋಲ್ಟನ್ನೇ. ನಾಲ್ಕು ತಿಂಗಳ ಮಳೆಯಲ್ಲಿ ಅದರ ಅಡಿ ತುಕ್ಕು ಹಿಡಿಯದ ಲಾರಿ ಅಪರೂಪ. ಸೆಲ್ಫ್ ಚುರುಕಾಗಿ ತಿರುಗಿ, ದಟ್ಟ ಬಿಳಿ ಹೊಗೆಯೂ ಬಂದು ಹಿಡಿಯದಿದ್ದರೆ ಆಗ ನಾಝಲ್, ಪಂಪ್ ಟೈಮಿಂಗ್, ವಾಲ್ವ್ ಗ್ಯಾಪ್, ಕಂಪ್ರೆಷನ್. ಆಗ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಹೋಗಿ.

ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿರಿ. ಸೆಲ್ಫ್ ಮೋಟರ್ ಸುಟ್ಟರೆ ಅದು ಇನ್ನೊಂದು ಖರ್ಚು.

ಪ್ರಶ್ನೆ: ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ, ಸೀಮೆಎಣ್ಣೆ ಬೆರೆಸಿ ಅನ್ನುತ್ತಾರೆ. ಎಷ್ಟು ಬೆರೆಸಬೇಕು? (ತೀರ್ಥಹಳ್ಳಿ)

ಉತ್ತರ: ಒಂದು ಹನಿಯೂ ಬೇಡ. ನಮ್ಮ ದೇಶದ ಡೀಸೆಲ್ ಮಾನದಂಡ ಐಎಸ್ 1460ರ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿವರೆಗೂ ಫಿಲ್ಟರ್ ಕಟ್ಟದೆ ಹರಿಯಬೇಕು. ತೀರ್ಥಹಳ್ಳಿ ಲಡಾಖ್ ಅಲ್ಲ. ಪಂಪಿನ ಒಳಭಾಗಕ್ಕೆ ಡೀಸೆಲ್ಲೇ ಎಣ್ಣೆ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ, ಪಂಪ್ ಸವೆಯುತ್ತದೆ. ರೇಷನ್ನಿನ ಸೀಮೆಎಣ್ಣೆ ಗಾಡಿಗೆ ಹಾಕುವುದು ಅಪರಾಧವೂ ಹೌದು. ಟ್ಯಾಂಕಿನ ಅಡಿಯ ನೀರು ತೆಗೆಯಿರಿ, ರಾತ್ರಿ ಟ್ಯಾಂಕ್ ಖಾಲಿ ಬಿಡಬೇಡಿ.

ಪ್ರಶ್ನೆ: ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿದರೆ ತಕ್ಷಣ ಹಿಡಿಯುತ್ತದಲ್ಲ, ತಪ್ಪೇನು? (ಸಾಗರ)

ಉತ್ತರ: ಹಿಡಿಯುತ್ತದೆ, ಹೊತ್ತಿಕೊಳ್ಳಲೂಬಹುದು. ಪಿಸ್ಟನ್ ಮೇಲೆ ಬರುವ ಮೊದಲೇ ಅದು ಸಿಡಿಯುತ್ತದೆ. ರಿಂಗ್ ಮುರಿಯುತ್ತದೆ, ರಾಡ್ ಬಾಗುತ್ತದೆ. ಈಥರ್ ಸ್ಪ್ರೇಗೂ ಇದೇ ಮಾತು. ಎಂಜಿನ್ ಬಿಸಿ ಮಾಡುವ ಹೀಟರ್ ಇರುವ ಗಾಡಿಯಲ್ಲಂತೂ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ಒಣ ಸೋಗೆ ಉರಿಸಿ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಬಿಸಿ ಮಾಡುತ್ತೇವೆ. ಸರಿಯಾ? (ಕೊಪ್ಪ)

ಉತ್ತರ: ಖಂಡಿತ ಬೇಡ. ಆಯಿಲ್, ಡೀಸೆಲ್, ವೈರು ಎಲ್ಲ ಅಲ್ಲೇ ಮೇಲಿದೆ. ಎಂಜಿನ್ ಆಯಿಲ್ 20ಡಬ್ಲ್ಯು-50 ಹಾಕಿದ್ದರೆ ತೆಗೆದು, ಚಳಿಗೆ ಅಷ್ಟು ಗಟ್ಟಿಯಾಗದ 15ಡಬ್ಲ್ಯು-40 ಹಾಕಿ.

ಪ್ರಶ್ನೆ: ಹೀಟರ್ ಪ್ಲಗ್ ಬದಲಾಯಿಸಿದರೆ ಸರಿಹೋಗುತ್ತಾ? (ಭದ್ರಾವತಿ)

ಉತ್ತರ: ಹಳೆಯ ದೊಡ್ಡ ಲಾರಿಗಳ ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರಿಗೇ ನೇರ ಡೀಸೆಲ್ ಸಿಂಪಡಿಸುವ) ಎಂಜಿನ್‌ಗೆ ಸಾಮಾನ್ಯವಾಗಿ ಹೀಟರ್ ಪ್ಲಗ್ಗೇ ಇರುವುದಿಲ್ಲ. ಬಿಲ್ಲಿನಲ್ಲಿ ಅದನ್ನು ಬರೆದವರಿಗೆ "ಎಲ್ಲಿದೆ ತೋರಿಸಿ" ಅನ್ನಿ.

ಪ್ರಶ್ನೆ: ದಿನಾ ರಾತ್ರಿ ಇಳಿಜಾರಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಗೇರ್ ಹಾಕುತ್ತೇನೆ. (ಆಗುಂಬೆ)

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ರಾತ್ರಿಯೆಲ್ಲ ನಿಂತ ಲಾರಿಯ ಏರ್ ಟ್ಯಾಂಕಿನಲ್ಲಿ ಬ್ರೇಕಿಗೆ ಬೇಕಾದ ಗಾಳಿ ಇಳಿದಿರುತ್ತದೆ. ಎಂಜಿನ್ ಹಿಡಿಯದೇ ಹೋದರೆ ಬ್ರೇಕೂ ಹಿಡಿಯುವುದಿಲ್ಲ. ನೀವಿರುವುದು ಘಾಟಿಯ ತಲೆಯ ಮೇಲೆ.